ಸಂಬಳದಿಂದ ಸ್ವಂತ ಕಂಪನಿಗೆ: ಐಟಿ ಕನ್ಸಲ್ಟೆಂಟ್ ಆಗುವವರಿಗೆ ಸಮಗ್ರ ಮಾರ್ಗದರ್ಶಿ

1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. ಅದಕ್ಕೆ ಮುಖ್ಯ ಕಾರಣ ಒಬ್ಬ ಗ್ರಾಹಕ. ಬೆಂಗಳೂರಿನ ಮೈಕೋ ಕಂಪನಿಯ ಕೆಲಸ ಸಿಕ್ಕಿತ್ತು. ಏಳು ಜನ ಸೇರಿ 1981ರಲ್ಲಿ 10,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆ ಗ್ರಾಹಕ ಇದ್ದ ಊರಿಗೇ ಬಂದು ನೆಲೆಸಿತು.

ಈಗ ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಕಂಪನಿಗೆ ಹೆಸರು ಹುಡುಕುತ್ತಾರೆ. ಲೋಗೋ ಮಾಡಿಸುತ್ತಾರೆ, ಪ್ರೈವೇಟ್ ಲಿಮಿಟೆಡ್ ನೋಂದಣಿ ಮಾಡಿಸುತ್ತಾರೆ, ಕೋ-ವರ್ಕಿಂಗ್ ಜಾಗ ಹಿಡಿಯುತ್ತಾರೆ. ಗ್ರಾಹಕನನ್ನು ಹುಡುಕುವುದು ಕೊನೆಗೆ. ಅಷ್ಟರಲ್ಲಿ ಉಳಿತಾಯದ ಅರ್ಧ ಕರಗಿರುತ್ತದೆ. ಈ ಮಾರ್ಗದರ್ಶಿಯ ದಾರಿ ಬೇರೆ: ಮೊದಲು ದುಡ್ಡು ಕೊಡುವ ಗ್ರಾಹಕ, ಆಮೇಲೆ ಕಂಪನಿ. ಐಟಿಯಲ್ಲಿ ಐದು, ಎಂಟು, ಹತ್ತು ವರ್ಷ ಕೆಲಸ ಮಾಡಿ ಸ್ವಂತದ್ದು ಏನಾದರೂ ಮಾಡಬೇಕು ಅಂತ ಯೋಚಿಸುತ್ತಿರುವವರಿಗೆ, ಅದರಲ್ಲೂ ಕರ್ನಾಟಕದಲ್ಲಿ ಕುಳಿತು ಶುರು ಮಾಡುವವರಿಗೆ, ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಯಾರ ಯಾವ ತೊಂದರೆ ಅಂತ ಮೊದಲು ತೀರ್ಮಾನಿಸಿ

"ನಾನು ಜಾವಾ ಡೆವಲಪರ್", "ನನಗೆ ಎಡಬ್ಲ್ಯುಎಸ್ ಬರುತ್ತದೆ" ಅನ್ನುವುದು ನೌಕರಿ ಹುಡುಕುವ ಭಾಷೆ. ಕಾರ್ಖಾನೆ ಮಾಲೀಕರಿಗೆ ನಿಮ್ಮ ಟೆಕ್ನಾಲಜಿಯ ಹೆಸರು ಬೇಕಿಲ್ಲ. ಅವರಿಗೆ ಒಂದು ತಲೆನೋವು ಇದೆ, ಅದು ಹೋಗಬೇಕು. ಆದ್ದರಿಂದ ಒಂದು ವಾಕ್ಯ ಬರೆಯಿರಿ: ಯಾರಿಗೆ, ಯಾವ ತೊಂದರೆ, ಅದರಿಂದ ಅವರಿಗೆ ಏನು ನಷ್ಟ. ಈ ಮೂರೂ ಬರೆಯಲು ಬರದಿದ್ದರೆ ನೌಕರಿ ಬಿಡಲು ಇನ್ನೂ ಸಮಯ ಬಂದಿಲ್ಲ.

ಕಾನೂನು ಬದಲಾದಾಗಲೆಲ್ಲ ಇಂಥ ತಲೆನೋವು ಹೊಸದಾಗಿ ಹುಟ್ಟುತ್ತದೆ. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ರೂ. ಮೀರಿದ ವಹಿವಾಟು ಇರುವವರು ಬೇರೆ ವ್ಯಾಪಾರಿಗಳಿಗೆ ಕೊಡುವ ಬಿಲ್‌ಗೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್) ಮಾಡಲೇಬೇಕು. ಪೀಣ್ಯದ ಎಷ್ಟೋ ಮಧ್ಯಮ ಗಾತ್ರದ ಘಟಕಗಳು ಈ ಗೆರೆ ದಾಟಿವೆ. ಅವರ ಸ್ಟಾಕ್ ಒಂದು ಎಕ್ಸೆಲ್ ಶೀಟಿನಲ್ಲಿ, ಲೆಕ್ಕ ಟ್ಯಾಲಿಯಲ್ಲಿ, ಆರ್ಡರ್ ವಾಟ್ಸಾಪ್‌ನಲ್ಲಿ ಇದ್ದರೆ ಮೂರನ್ನೂ ಜೋಡಿಸುವುದೇ ಒಂದು ಪೂರ್ತಿ ಕೆಲಸ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು, ಯಾವಾಗ, ಏನು ತಿದ್ದಿದರು ಅನ್ನುವ ದಾಖಲೆ ಇರಲೇಬೇಕು. ತಮಗೆ ಬೇಕಾದಂತೆ ಮಾಡಿಸಿಕೊಂಡ ಹಳೆಯ ಸಾಫ್ಟ್‌ವೇರ್ ಬಳಸುವವರಿಗೆ ಇದು ದೊಡ್ಡ ತೊಡಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಆಸ್ಪತ್ರೆ, ಶಾಲೆ, ಸಾಲ ಕೊಡುವ ಸಂಸ್ಥೆ, ಯಾರನ್ನೂ ಬಿಟ್ಟಿಲ್ಲ.

ಕನ್ನಡ ಬಲ್ಲವರಿಗೆ ಇನ್ನೊಂದು ಜಾಗ ಇದೆ, ಅದರ ಬೆಲೆ ನಮಗೇ ಸರಿಯಾಗಿ ಗೊತ್ತಿಲ್ಲ ಅನ್ನಿಸುತ್ತದೆ. ಸಹಕಾರ ಸಂಘ, ಸೌಹಾರ್ದ, ಪ್ರಕಾಶನ ಸಂಸ್ಥೆ, ಮಠಗಳ ಶಿಕ್ಷಣ ಸಂಸ್ಥೆಗಳಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ವರ್ಷಗಟ್ಟಲೆ ದಾಖಲೆ ಕುಳಿತಿದೆ. ಅದು ಯೂನಿಕೋಡ್ ಅಲ್ಲ. ಹುಡುಕಿದರೆ ಸಿಗುವುದಿಲ್ಲ, ಹೊಸ ಸಾಫ್ಟ್‌ವೇರ್‌ಗೆ ಹಾಕಿದರೆ ಅಕ್ಷರ ಚೆಲ್ಲಾಪಿಲ್ಲಿ. ಅದನ್ನು ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಕೆಟ್ಟಿರುವ ಕಡೆ ಸರಿ ಮಾಡಿ, ಡೇಟಾಬೇಸ್‌ಗೆ ತುಂಬಿಸುವುದು ಕನ್ನಡ ಓದಲು ಬಾರದ ಯಾವ ದೊಡ್ಡ ಕಂಪನಿಯೂ ನೆಟ್ಟಗೆ ಮಾಡಲಾರದ ಕೆಲಸ.

ಹೆಜ್ಜೆ 2: ನೌಕರಿ ಇರುವಾಗಲೇ ಮುಗಿಸಬೇಕಾದದ್ದು

ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ಸೇರಿದ ದಿನ ಸಹಿ ಹಾಕಿದ ಮೇಲೆ ಬಹುಶಃ ಅದನ್ನು ನೋಡಿರಲಿಕ್ಕಿಲ್ಲ. ಅದರಲ್ಲಿ ಮೂರು ಕಡೆ ಪೆನ್ಸಿಲ್ ಹಾಕಿ: ಬೇರೆ ಕೆಲಸ ಮಾಡಬಾರದು ಅನ್ನುವ ಷರತ್ತು, ನೌಕರಿ ಅವಧಿಯಲ್ಲಿ ಬರೆದ ಕೋಡ್ ಯಾರದು ಅನ್ನುವ ಷರತ್ತು, ನೋಟಿಸ್ ಅವಧಿ. ಐಟಿಯಲ್ಲಿ ನೋಟಿಸ್ ಹೆಚ್ಚಾಗಿ 90 ದಿನ. ಮೂನ್‌ಲೈಟಿಂಗ್, ಅಂದರೆ ನೌಕರಿಯ ಜೊತೆಗೆ ಇನ್ನೊಂದು ಕೆಲಸ, ಬೇಡ ಎಂದು ಪತ್ರದಲ್ಲಿ ಇದ್ದರೆ ಕದ್ದು ಮಾಡಬೇಡಿ. ನಾಳೆ ನಿಮ್ಮ ಹೆಸರೇ ನಿಮ್ಮ ಬಂಡವಾಳ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಸ್ವಂತ ಕೋಡ್ ಒಂದು ಸಾಲು ಕೂಡ ಇರಬಾರದು.

ನೌಕರಿ ಬಿಟ್ಟ ಮೇಲೆ ಇಂತಿಷ್ಟು ವರ್ಷ ಇದೇ ಕ್ಷೇತ್ರದಲ್ಲಿ ಕೆಲಸ ಮಾಡಬಾರದು ಎಂಬ ಷರತ್ತು ಕಂಡು ಕೆಲವರು ಹೆದರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ವೃತ್ತಿ ಮಾಡದಂತೆ ತಡೆಯುವ ಕರಾರು ಸಾಮಾನ್ಯವಾಗಿ ಅಸಿಂಧು. ಆದರೆ ಹಳೆಯ ಕಂಪನಿಯ ಗುಟ್ಟು, ಗ್ರಾಹಕರ ಪಟ್ಟಿ, ಕೋಡ್ ಹೊತ್ತುಕೊಂಡು ಹೋಗಲು ಅದು ಪರವಾನಗಿ ಅಲ್ಲ.

ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿರುವ ನಮ್ಮವರಿಗೆ ಒಂದು ಮಾತು. ಆ ವೀಸಾದಲ್ಲಿ ಅರ್ಜಿ ಹಾಕಿದ ಉದ್ಯೋಗದಾತರ ಕೆಲಸ ಮಾತ್ರ ಮಾಡಬಹುದು. ವಾರಾಂತ್ಯದ ಫ್ರೀಲಾನ್ಸಿಂಗ್ ಕೂಡ ವೀಸಾಕ್ಕೆ ಕುತ್ತು ತರಬಹುದು. ಮೊದಲು ವಲಸೆ ವಕೀಲರನ್ನು ಕೇಳಿ.

ದುಡ್ಡಿನ ಕಡೆ: ಮನೆ ಖರ್ಚು, ಇಎಂಐ ಎಲ್ಲ ಸೇರಿ ಕನಿಷ್ಠ ಒಂಬತ್ತು ತಿಂಗಳಿಗೆ ಆಗುವಷ್ಟು ಕೈಯಲ್ಲಿರಲಿ. ಮೊದಲ ಗ್ರಾಹಕ ಸಿಗಲು ಮೂರು ತಿಂಗಳು, ಅವರು ಹಣ ಕೊಡಲು ಇನ್ನೆರಡು ತಿಂಗಳು ಹಿಡಿಯುವುದು ಮಾಮೂಲು. ಕಂಪನಿಯ ಆರೋಗ್ಯ ವಿಮೆ ಕೊನೆಯ ದಿನಕ್ಕೆ ನಿಂತುಹೋಗುತ್ತದೆ. ಆದ್ದರಿಂದ ಮನೆಯವರೆಲ್ಲರ ಸ್ವಂತ ಪಾಲಿಸಿಯನ್ನು ಮೊದಲೇ ತೆಗೆದುಕೊಳ್ಳಿ. ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಇರುವುದರಿಂದ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಮನೆ ಸಾಲ ಬೇಕಿದ್ದರೂ ಸಂಬಳದ ಚೀಟಿ ಇರುವಾಗಲೇ ತೀರ್ಮಾನಿಸಿ. ಆಮೇಲೆ ಬ್ಯಾಂಕಿನವರು ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರೆ.

ಹೆಜ್ಜೆ 3: ಮೊದಲ ಮೂವರು ಗ್ರಾಹಕರು

ಅವರು ನಿಮಗೆ ಈಗಾಗಲೇ ಗೊತ್ತಿರುವವರ ಕಡೆಯಿಂದಲೇ ಬರುತ್ತಾರೆ. ಹಳೆಯ ಮ್ಯಾನೇಜರ್ ಈಗ ಬೇರೆ ಕಡೆ ಇರುತ್ತಾರೆ, ಕಾಲೇಜಿನ ಗೆಳೆಯ ಅಪ್ಪನ ಫ್ಯಾಕ್ಟರಿ ನೋಡಿಕೊಳ್ಳುತ್ತಿರುತ್ತಾನೆ, ಪರಿಚಯದ ಆಡಿಟರ್ ಹತ್ತಿರ ನೂರಾರು ವ್ಯಾಪಾರಿಗಳು ಬರುತ್ತಾರೆ. ಆಡಿಟರ್‌ಗಳ ವಿಷಯ ಒತ್ತಿ ಹೇಳುತ್ತೇನೆ. ಯಾವ ವ್ಯಾಪಾರಿಯ ಲೆಕ್ಕ ಎಲ್ಲಿ ಗಂಟು ಬಿದ್ದಿದೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕಾಸಿಯಾ (ಸಣ್ಣ ಕೈಗಾರಿಕೆಗಳ ಸಂಘ), ಎಫ್‌ಕೆಸಿಸಿಐ (ರಾಜ್ಯದ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ) ಮತ್ತು ಜಿಲ್ಲೆಯ ವಾಣಿಜ್ಯ ಮಂಡಳಿಗಳ ಸಭೆಗಳಿಗೆ ಹೋಗಿ. "ಇ-ಇನ್‌ವಾಯ್ಸ್ ತಪ್ಪುಗಳು, ಪರಿಹಾರ" ಅಂತ ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಲು ಅವಕಾಶ ಕೇಳಿ. ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನ ಉದ್ಯಮಿಗಳಿಗೆ ಅವರ ಮಾತಿನಲ್ಲೇ ವಿವರಿಸುವ ಐಟಿ ಮನುಷ್ಯ ಸಿಗುವುದು ಕಷ್ಟ. ಒಂದು ಸಲ ನಂಬಿದರೆ ವರ್ಷಗಟ್ಟಲೆ ಬಿಡುವುದಿಲ್ಲ.

ಅಪ್‌ವರ್ಕ್‌ನಂಥ ಜಾಲತಾಣಗಳಿಂದಲೂ ಕೆಲಸ ಸಿಗುತ್ತದೆ. ಆದರೆ ಅಲ್ಲಿ ಶುರುವಿನಲ್ಲಿ ಪೈಪೋಟಿ ಪೂರ್ತಿ ದರದ ಮೇಲೆ. ಅದನ್ನೇ ನಂಬಿ ಕೂರಬೇಡಿ.

ಮೊದಲ ಭೇಟಿಯಲ್ಲಿ ಪರಿಹಾರ ಹೇಳಲು ಹೋಗಬೇಡಿ. ಕೇಳಿ. ಬಿಲ್ ಯಾರು ಮಾಡುತ್ತಾರೆ, ತಪ್ಪಾದರೆ ಯಾರಿಗೆ ಗೊತ್ತಾಗುತ್ತದೆ, ಕಳೆದ ಸಲ ಸಾಫ್ಟ್‌ವೇರ್ ಹಾಕಿಸಿದಾಗ ಯಾಕೆ ಕೈಕೊಟ್ಟಿತು ಅಂತ ಕೇಳಿ. ಮಾಲೀಕರ ಜೊತೆ ಮಾತಾಡಿದ ಮೇಲೆ ಬಿಲ್ಲಿಂಗ್ ಮಾಡುವ ಹುಡುಗಿಯ ಪಕ್ಕ ಒಂದು ಗಂಟೆ ಕೂರಿ. ನಿಜವಾದ ತೊಂದರೆ ಅಲ್ಲಿ ಕಾಣುತ್ತದೆ.

ನನ್ನ ಪ್ರಕಾರ ಹೊಸ ಕನ್ಸಲ್ಟೆಂಟ್ ಮಾರಬೇಕಾದ ಮೊದಲ ಸರಕು ದೊಡ್ಡ ಪ್ರಾಜೆಕ್ಟ್ ಅಲ್ಲ, ತಪಾಸಣೆ. ಐದಾರು ದಿನದ ಕೆಲಸ, ನಿಗದಿತ ಶುಲ್ಕ, ಕೊನೆಗೆ ಎಂಟು ಹತ್ತು ಪುಟದ ವರದಿ: ಈಗ ಹೇಗಿದೆ, ಎಲ್ಲಿ ಸೋರುತ್ತಿದೆ, ಏನು ಮಾಡಬೇಕು, ಎಷ್ಟು ಖರ್ಚು. ವರದಿ ಇಟ್ಟುಕೊಂಡು ಅವರು ಬೇರೆಯವರ ಹತ್ತಿರ ಕೆಲಸ ಮಾಡಿಸಿದರೂ ಪರವಾಗಿಲ್ಲ ಅಂತ ಮೊದಲೇ ಹೇಳಿ. ಸಣ್ಣ ಮೊತ್ತವಾದ್ದರಿಂದ ಅವರೂ ಬೇಗ ಒಪ್ಪುತ್ತಾರೆ. ಈ ಗ್ರಾಹಕರು ಹಣ ಸರಿಯಾಗಿ ಕೊಡುತ್ತಾರಾ, ಮಾತಿಗೆ ನಿಲ್ಲುತ್ತಾರಾ ಅಂತ ನಿಮಗೂ ಕಡಿಮೆ ಅಪಾಯದಲ್ಲಿ ತಿಳಿಯುತ್ತದೆ.

ಪುಕ್ಕಟೆ ಕೆಲಸ ಮಾಡಬೇಡಿ. "ಮೊದಲು ಒಂದು ಸ್ಯಾಂಪಲ್ ಮಾಡಿ ತೋರಿಸಿ" ಅಂದರೆ ಹಿಂದೆ ಮಾಡಿದ ಕೆಲಸ ತೋರಿಸಿ. ಶುಲ್ಕ ಕಡಿಮೆ ಮಾಡುವುದಾದರೆ ಕೆಲಸವನ್ನೂ ಕಡಿಮೆ ಮಾಡಿ.

ಹೆಜ್ಜೆ 4: ದರ ಹೇಗೆ ಇಡುವುದು

ಸಂಬಳವನ್ನು 22 ದಿನಕ್ಕೆ ಭಾಗಿಸಿ ದರ ಹೇಳಿದರೆ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಯಾಕೆ ಅಂತ ಲೆಕ್ಕದಲ್ಲೇ ನೋಡೋಣ.

ನಿಮಗೆ ವರ್ಷಕ್ಕೆ 12 ಲಕ್ಷ ರೂ. ಆದಾಯ ಬೇಕು ಅಂದುಕೊಳ್ಳಿ. ಸಂಬಳದ ಲೆಕ್ಕದಲ್ಲಿ ತಿಂಗಳಿಗೆ 1 ಲಕ್ಷ, ದಿನಕ್ಕೆ ಸುಮಾರು 4,500 ರೂ. ಈಗ ಸ್ವಂತ ಕೆಲಸದ ಲೆಕ್ಕ. 365 ದಿನದಲ್ಲಿ ಶನಿವಾರ, ಭಾನುವಾರ 104 ಹೋದವು. ಹಬ್ಬ, ರಜೆ, ಜ್ವರ, ಮದುವೆ ಮನೆ ಎಂದು 26 ತೆಗೆಯಿರಿ. ಉಳಿದದ್ದು 235. ಇದರಲ್ಲಿ ಗ್ರಾಹಕರನ್ನು ಹುಡುಕುವುದು, ಪ್ರಪೋಸಲ್ ಬರೆಯುವುದು, ಬಿಲ್ ವಸೂಲಿ, ಹೊಸದನ್ನು ಕಲಿಯುವುದು, ಆಡಿಟರ್ ಹತ್ತಿರ ಓಡಾಟ ಎಲ್ಲ ಕಳೆದರೆ ಬಿಲ್ ಮಾಡಲು ಸಿಗುವುದು 130 ದಿನ ಇದ್ದೀತು. ವಿಮೆ, ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಚಂದಾ, ಪ್ರಯಾಣ, ಆಡಿಟರ್ ಶುಲ್ಕ ಸೇರಿ ವರ್ಷಕ್ಕೆ 3 ಲಕ್ಷ ಖರ್ಚು ಹಿಡಿಯಿರಿ. ಒಟ್ಟು 15 ಲಕ್ಷ ಬರಬೇಕು. ಅದನ್ನು 130ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 11,500 ರೂ. ಸಂಬಳದ ದಿನದ ಲೆಕ್ಕಕ್ಕಿಂತ ಎರಡೂವರೆ ಪಟ್ಟು! ಇದು ದುರಾಸೆ ಅಲ್ಲ, ಬದುಕಲು ಬೇಕಾದ ಕನಿಷ್ಠ. ನಿಮ್ಮ ಸಂಖ್ಯೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ.

ಈ ದಿನದ ದರ ನಿಮ್ಮ ಒಳಗಿನ ಲೆಕ್ಕಕ್ಕೆ ಮಾತ್ರ. ಗ್ರಾಹಕರಿಗೆ ಹೇಳುವ ರೀತಿ ಕೆಲಸ ನೋಡಿ ಬದಲಾಗುತ್ತದೆ. ಏನು ಬೇಕು ಅಂತ ಅವರಿಗೇ ಸ್ಪಷ್ಟ ಇಲ್ಲದಿದ್ದರೆ ದಿನದ ಲೆಕ್ಕ. ವ್ಯಾಪ್ತಿ ಸ್ಪಷ್ಟ ಇದ್ದರೆ ನಿಗದಿತ ಮೊತ್ತ, ಆದರೆ ಅಂದಾಜಿನ ಮೇಲೆ ಕಾಲು ಭಾಗ ಸೇರಿಸಿ. ಕೆಲಸ ಮುಗಿದ ಮೇಲೆ ನೋಡಿಕೊಳ್ಳಲು ರಿಟೇನರ್, ಅಂದರೆ ತಿಂಗಳಿಗೆ ಇಷ್ಟು ಎಂಬ ನಿಗದಿತ ಶುಲ್ಕ. ಮನೆ ಖರ್ಚನ್ನು ರಿಟೇನರ್‌ನಲ್ಲೇ ತೂಗಿಸುವ ಮಟ್ಟಕ್ಕೆ ಬಂದರೆ ರಾತ್ರಿ ನಿದ್ದೆ ಬರುತ್ತದೆ. ಒಬ್ಬನೇ ಗ್ರಾಹಕನಿಂದ ಅರ್ಧಕ್ಕಿಂತ ಜಾಸ್ತಿ ಆದಾಯ ಬರುತ್ತಿದ್ದರೆ ಮಾತ್ರ ಎಚ್ಚರ. ಅವರು ನಿಲ್ಲಿಸಿದ ತಿಂಗಳೇ ನಿಮ್ಮ ವ್ಯವಹಾರವೂ ನಿಲ್ಲುತ್ತದೆ.

ಹೆಜ್ಜೆ 5: ಬರೆದಿಡಿ

ಗೆಳೆಯರಾದರೂ ಸರಿ, ಸಂಬಂಧಿಕರಾದರೂ ಸರಿ, ಬರೆದ ಕರಾರು ಇಲ್ಲದೆ ಕೋಡ್ ಬರೆಯಬೇಡಿ. ಶುರುವಿಗೆ ನಾಲ್ಕು ಪುಟ ಸಾಕು. ಏನು ಮಾಡುತ್ತೀರಿ ಅನ್ನುವುದರಷ್ಟೇ ಮುಖ್ಯ ಏನು ಮಾಡುವುದಿಲ್ಲ ಅನ್ನುವುದು. "ಹಳೆಯ ಡೇಟಾ ಶುದ್ಧೀಕರಣ ಇದರಲ್ಲಿ ಸೇರಿಲ್ಲ", "ಮೊಬೈಲ್ ಆಪ್ ಇದರಲ್ಲಿ ಸೇರಿಲ್ಲ" ಅಂತ ಸ್ಪಷ್ಟವಾಗಿ ಹಾಕಿ. ನಡುವೆ "ಇದೊಂದು ಚಿಕ್ಕದು, ಮಾಡಿಬಿಡಿ" ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ಚೇಂಜ್ ರಿಕ್ವೆಸ್ಟ್ ಎಂಬ ಒಂದು ಪುಟದ ಫಾರಂ ಇಡಿ: ಏನು ಬದಲಾವಣೆ, ಎಷ್ಟು ದಿನ, ಎಷ್ಟು ಹಣ, ಸಹಿ. ಉಚಿತವಾಗಿ ಮಾಡಿಕೊಟ್ಟರೂ ಫಾರಂ ತುಂಬಿಸಿ, ಮೊತ್ತದ ಜಾಗದಲ್ಲಿ ಸೊನ್ನೆ ಬರೆಯಿರಿ. ಎಷ್ಟು ಕೊಟ್ಟಿದ್ದೀರಿ ಅಂತ ಇಬ್ಬರಿಗೂ ನೆನಪಿರುತ್ತದೆ.

ಕೆಲಸ ಮುಗಿಯಿತು ಅಂತ ಯಾರು, ಹೇಗೆ ತೀರ್ಮಾನಿಸುತ್ತಾರೆ ಅನ್ನುವುದೂ ಬೇಕು. "ತಲುಪಿಸಿದ ಹತ್ತು ದಿನದೊಳಗೆ ಲಿಖಿತ ತಕರಾರು ಬಾರದಿದ್ದರೆ ಒಪ್ಪಿದಂತೆ" ಎಂಬ ಸಾಲು ಕೊನೆಯ ಕಂತನ್ನು ಎಷ್ಟೋ ಸಲ ಉಳಿಸುತ್ತದೆ. ನಷ್ಟಕ್ಕೆ ನಿಮ್ಮ ಹೊಣೆ ಪಡೆದ ಶುಲ್ಕಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯನ್ನೂ ಹಾಕಿಸಿ.

ಈಗ ಕೋಡ್ ಯಾರದು ಅನ್ನುವ ಪ್ರಶ್ನೆ. ಇದನ್ನು ಹೆಚ್ಚಿನವರು ಸುಮ್ನೆ ಬಿಟ್ಟುಬಿಡುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಒಂದು ಕೃತಿ. ನೌಕರ ಬರೆದ ಕೋಡ್ ಮಾಲೀಕರದು. ಆದರೆ ಕನ್ಸಲ್ಟೆಂಟ್ ಬರೆದ ಕೋಡ್, ಬೇರೆ ಕರಾರು ಇಲ್ಲದಿದ್ದರೆ, ಸಾಮಾನ್ಯವಾಗಿ ಕನ್ಸಲ್ಟೆಂಟ್‌ನದೇ. ಹಕ್ಕು ವರ್ಗಾಯಿಸಲು 19ನೇ ಸೆಕ್ಷನ್ ಪ್ರಕಾರ ಲಿಖಿತ ದಾಖಲೆ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಅರ್ಥ. ಹಾಗಾಗಿ ಎರಡು ಸಾಲು ಬರೆಯಿರಿ. ಒಂದು, ಈ ಗ್ರಾಹಕನಿಗಾಗಿಯೇ ಬರೆದ ಭಾಗದ ಹಕ್ಕು ಪೂರ್ತಿ ಹಣ ಬಂದ ಮೇಲೆ ಅವರಿಗೆ ಹೋಗುತ್ತದೆ. ಎರಡು, ನೀವು ಮೊದಲೇ ಮಾಡಿಟ್ಟುಕೊಂಡ ಮತ್ತು ಎಲ್ಲೆಡೆ ಬಳಸುವ ಕೋಡ್ ನಿಮ್ಮದೇ, ಅವರಿಗೆ ಅದನ್ನು ಬಳಸುವ ಅನುಮತಿ ಮಾತ್ರ. ಮುಂದೆ ಪ್ರಾಡಕ್ಟ್ ಮಾಡುವ ಆಸೆ ಇದ್ದರೆ ಈ ಎರಡನೇ ಸಾಲಿನ ಬೆಲೆ ಬಹಳ ದೊಡ್ಡದು.

ಹೆಜ್ಜೆ 6: ತೆರಿಗೆ ಮತ್ತು ನೋಂದಣಿ

ಶುರುವಿಗೆ ನಿಮ್ಮ ಪ್ಯಾನ್ ಮೇಲೆಯೇ ಪ್ರೊಪ್ರೈಟರ್‌ಶಿಪ್ (ಒಬ್ಬರದೇ ಮಾಲೀಕತ್ವ) ಸಾಕು. ಬೇರೆ ಕರೆಂಟ್ ಅಕೌಂಟ್ ತೆರೆಯಿರಿ. ಮನೆಯ ದುಡ್ಡು, ಕೆಲಸದ ದುಡ್ಡು ಬೆರೆಯಬಾರದು.

ಚಿಕ್ಕದಾಗಿ ಶುರು ಮಾಡುವವರ ಪರ ಆದಾಯ ತೆರಿಗೆಯಲ್ಲೇ ಒಂದು ಒಳ್ಳೆಯ ದಾರಿ ಇದೆ, 44ಎಡಿಎ. ಇದು 1961ರ ಕಾಯ್ದೆಯ ಸಂಖ್ಯೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಆದರೂ ಆಡಿಟರ್‌ಗಳು ಈಗಲೂ ಹಳೆಯ ಸಂಖ್ಯೆಯಲ್ಲೇ ಮಾತಾಡುತ್ತಾರೆ. ತಾಂತ್ರಿಕ ಸಲಹೆ, ಐಟಿಯಂಥ ನಿಗದಿತ ವೃತ್ತಿಗಳಲ್ಲಿರುವವರ ವಾರ್ಷಿಕ ಸ್ವೀಕೃತಿ (ಬಂದ ಒಟ್ಟು ಹಣ) 50 ಲಕ್ಷದೊಳಗಿದ್ದರೆ, ನಗದು 5 ಪ್ರತಿಶತ ಮೀರದಿದ್ದಲ್ಲಿ 75 ಲಕ್ಷದೊಳಗಿದ್ದರೆ, ಅರ್ಧವನ್ನು ಆದಾಯ ಎಂದು ತೋರಿಸಿ ತೆರಿಗೆ ಕಟ್ಟಬಹುದು. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ತೋರಿಸಬೇಕು. ದೊಡ್ಡ ಲೆಕ್ಕದ ಪುಸ್ತಕ, ಆಡಿಟ್ ಬೇಡ. ಈ ಅನುಕೂಲ ಪ್ರೈವೇಟ್ ಲಿಮಿಟೆಡ್‌ಗೂ ಇಲ್ಲ, ಎಲ್‌ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆ) ಇಲ್ಲ. ಆತುರದಲ್ಲಿ ಕಂಪನಿ ಮಾಡಿಕೊಂಡವರು ಮೊದಲ ವರ್ಷವೇ ಇದನ್ನು ಕಳೆದುಕೊಳ್ಳುತ್ತಾರೆ. ನಿಮ್ಮ ಕೆಲಸ ವೃತ್ತಿಯೋ ವ್ಯಾಪಾರವೋ ಅನ್ನುವುದನ್ನು ಮಾತ್ರ ಆಡಿಟರ್ ಜೊತೆ ಕೂತು ಖಚಿತ ಮಾಡಿಕೊಳ್ಳಿ.

ಜಿಎಸ್‌ಟಿ ನೋಂದಣಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ಮೀರಿದಾಗ ಕಡ್ಡಾಯ. ಹೊರದೇಶದ ಬಿಲ್ ಕೂಡ ಈ ಲೆಕ್ಕಕ್ಕೆ ಸೇರುತ್ತದೆ. ದರ 18 ಪ್ರತಿಶತ. ಒಂದು ಬಿಲ್‌ನಲ್ಲಿ ಏನಾಗುತ್ತದೆ ನೋಡಿ. ಶುಲ್ಕ 1,00,000, ಜಿಎಸ್‌ಟಿ 18,000, ಒಟ್ಟು 1,18,000. ಗ್ರಾಹಕರು ಶುಲ್ಕದ ಮೇಲೆ 10 ಪ್ರತಿಶತ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು 1,08,000 ಕಳಿಸುತ್ತಾರೆ. ಅದರಲ್ಲಿ 18,000 ಸರ್ಕಾರದ್ದು. ಸದ್ಯಕ್ಕೆ ನಿಮ್ಮ ಕೈಗೆ ಸಿಕ್ಕಿದ್ದು 90,000. ಟಿಡಿಎಸ್‌ನ 10,000 ನಿಮ್ಮದೇ, ಆದರೆ ರಿಟರ್ನ್ ಹಾಕಿದ ಮೇಲೆ ಲೆಕ್ಕಕ್ಕೆ ಸಿಗುತ್ತದೆ. ಅದನ್ನು ಅವರು ನಿಜವಾಗಿಯೂ ಕಟ್ಟಿದ್ದಾರಾ ಅಂತ ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ, 26ಎಎಸ್ ಎಂದು ಕರೆಯುವ ನಿಮ್ಮ ತೆರಿಗೆ ಪಟ್ಟಿಯಲ್ಲಿ ನೋಡಿ.

ಹೊಸಬರಿಗೆ ಹೊಡೆತ ಬೀಳುವ ಜಾಗ ಇನ್ನೊಂದಿದೆ. ಗ್ರಾಹಕರು ಹಣ ಕೊಡಲಿ ಬಿಡಲಿ, ಬಿಲ್ ಮಾಡಿದ ಅವಧಿಯ ಜಿಎಸ್‌ಟಿ ಕಟ್ಟಲೇಬೇಕು. ಮೂರು ತಿಂಗಳು ತಡವಾಗಿ ಕೊಡುವವರಿಗೆ ದೊಡ್ಡ ಬಿಲ್ ಒಮ್ಮೆಲೇ ಹಾಕಿದರೆ ತೆರಿಗೆ ನಿಮ್ಮ ಜೇಬಿನಿಂದ ಹೋಗುತ್ತದೆ. ಆದ್ದರಿಂದ ಹಂತ ಹಂತವಾಗಿ ಬಿಲ್ ಮಾಡಿ, ಅದಕ್ಕೂ ಮೊದಲು ಪ್ರೊಫಾರ್ಮಾ (ಕರಡು ಬಿಲ್) ಕಳಿಸಿ ಒಪ್ಪಿಗೆ ಪಡೆಯಿರಿ.

ಹೊರದೇಶದ ಗ್ರಾಹಕರಿದ್ದರೆ, ಹಣ ವಿದೇಶಿ ವಿನಿಮಯದಲ್ಲಿ ಬಂದು ಉಳಿದ ಷರತ್ತುಗಳೂ ಪೂರೈಸಿದರೆ, ಅದು ರಫ್ತು, ಜಿಎಸ್‌ಟಿ ಸೊನ್ನೆ. ಆದರೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಪತ್ರ) ಹಾಕಿರಬೇಕು, ಅದನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಹಾಕಬೇಕು. ಬ್ಯಾಂಕಿನಿಂದ ಪ್ರತಿ ಸಲವೂ ವಿದೇಶಿ ಹಣ ಬಂದ ಪ್ರಮಾಣಪತ್ರ ತೆಗೆದಿಡಿ.

ಮುಂಗಡ ತೆರಿಗೆ ಸಾಮಾನ್ಯವಾಗಿ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ನಾಲ್ಕು ಕಂತು. 44ಎಡಿಎ ದಾರಿಯವರು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಬಹುದು. ಕರ್ನಾಟಕದಲ್ಲಿ ಸ್ವಂತ ವೃತ್ತಿಯವರ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂ.

ಹೆಜ್ಜೆ 7: ದುಡ್ಡು ಸಮಯಕ್ಕೆ ಬರುವಂತೆ ಮಾಡಿ

ಕೆಲಸ ಚೆನ್ನಾಗಿ ಬರುವವರೂ ಇಲ್ಲಿ ಸೋಲುತ್ತಾರೆ. ಕೇಳಲು ಸಂಕೋಚ. ಸಂಕೋಚ ಪಡಬೇಕಾಗಿಲ್ಲದಂತೆ ವ್ಯವಸ್ಥೆಯನ್ನೇ ಹಾಗೆ ಕಟ್ಟಿ: ಶುರುವಿಗೆ 40 ಪ್ರತಿಶತ ಮುಂಗಡ, ನಡುವೆ 40, ಕೊನೆಗೆ 20. ಮುಂಗಡ ಬಾರದೆ ಕೆಲಸ ಶುರುವಿಲ್ಲ.

ಇದರ ಜೊತೆಗೆ ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಮಾಡಿಕೊಳ್ಳಿ. 2020ರ ಜುಲೈ 1ರಿಂದ ಇರುವ ಈ ವ್ಯವಸ್ಥೆ ಪೂರ್ತಿ ಆನ್‌ಲೈನ್, ಪೂರ್ತಿ ಉಚಿತ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಕರಾರಿನಲ್ಲಿ 90 ದಿನ ಅಂತ ಬರೆದಿದ್ದರೂ 45 ದಾಟುವಂತಿಲ್ಲ. ಇದಕ್ಕಿಂತ ಕೆಲಸಕ್ಕೆ ಬರುವ ಅಸ್ತ್ರ ಆದಾಯ ತೆರಿಗೆಯ 43ಬಿ(ಎಚ್) ನಿಯಮ (ಇದೂ 1961ರ ಕಾಯ್ದೆಯ ಸಂಖ್ಯೆ). ಗಡುವು ಮೀರಿ ಬಾಕಿ ಉಳಿಸಿಕೊಂಡ ಕಂಪನಿಗೆ ಹಣ ಕೊಡುವ ವರ್ಷದವರೆಗೆ ಆ ಖರ್ಚು ತೆರಿಗೆ ಲೆಕ್ಕದಲ್ಲಿ ಕಳೆಯಲು ಸಿಗುವುದಿಲ್ಲ. ಮಾರ್ಚ್ ಹತ್ತಿರ ಬಂದಾಗ ಅವರ ಅಕೌಂಟ್ಸ್ ವಿಭಾಗವೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಪ್ರತಿ ಬಿಲ್ ಮೇಲೂ ಉದ್ಯಮ್ ಸಂಖ್ಯೆ ಹಾಕಿ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿರಲಿ, ವ್ಯಾಜ್ಯ ಬಂದರೆ ಅದೇ ಮುಖ್ಯವಾಗುತ್ತದೆ. ಕೊನೆಗೂ ಕೊಡದಿದ್ದರೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಹೆಜ್ಜೆ 8: ಕೆಲಸದ ಶಿಸ್ತು

ಡೊಮೈನ್, ಕ್ಲೌಡ್ ಖಾತೆ, ಆಪ್ ಸ್ಟೋರ್ ಖಾತೆ ಎಲ್ಲ ಗ್ರಾಹಕರ ಹೆಸರಿನಲ್ಲೇ ಇರಲಿ. ಅವುಗಳನ್ನು ಹಿಡಿದಿಟ್ಟುಕೊಂಡು ಗ್ರಾಹಕರನ್ನು ಕಟ್ಟಿಹಾಕುವುದು ನೀಚತನ. ಬ್ಯಾಕಪ್ ತೆಗೆದರೆ ಸಾಲದು, ಮರಳಿ ತುಂಬಿಸಿ ನೋಡಿ. ಸೈಬರ್ ದಾಳಿ ಗಮನಕ್ಕೆ ಬಂದರೆ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಎಂಬ ನಿರ್ದೇಶನ 2022ರಲ್ಲೇ ಬಂದಿದೆ. ಅದನ್ನು ಯಾರು ಮಾಡುತ್ತಾರೆ ಅಂತ ಗ್ರಾಹಕರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಕೆಲಸ ಬಿಟ್ಟುಕೊಡುವಾಗ ಕನ್ನಡದಲ್ಲೂ ಒಂದು ಬಳಕೆ ಪುಸ್ತಿಕೆ ಕೊಡಿ. ರಾತ್ರಿ ಪಾಳಿಯ ಸಿಬ್ಬಂದಿ ನಿಮಗೆ ಫೋನ್ ಮಾಡುವುದು ಅರ್ಧ ಕಡಿಮೆಯಾಗುತ್ತದೆ.

ಹೆಜ್ಜೆ 9: ಕಂಪನಿ ಯಾವಾಗ?

ಈ ಲಕ್ಷಣ ಕಂಡಾಗ: ದೊಡ್ಡ ಗ್ರಾಹಕರು ವೆಂಡರ್ ಆಗಲು ಕಂಪನಿಯೇ ಬೇಕು ಅನ್ನುತ್ತಾರೆ, ಪಾಲುದಾರ ಬರುತ್ತಿದ್ದಾರೆ, ತಪ್ಪಾದರೆ ಮನೆ ಆಸ್ತಿಗೆ ಕುತ್ತು ಬರುವಷ್ಟು ದೊಡ್ಡ ಕೆಲಸ ಹಿಡಿಯುತ್ತಿದ್ದೀರಿ, ಸ್ವೀಕೃತಿ 75 ಲಕ್ಷ ದಾಟುತ್ತಿದೆ. ಹೊರಗಿನ ಹೂಡಿಕೆ ಬೇಕಿಲ್ಲದ ಇಬ್ಬರು ಮೂವರು ಸೇರಿ ಸಲಹೆ ಕೆಲಸ ಮಾಡುವುದಾದರೆ ನನ್ನ ಆಯ್ಕೆ ಎಲ್‌ಎಲ್‌ಪಿ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ಮೀರುವವರೆಗೆ ಅದಕ್ಕೆ ಕಡ್ಡಾಯ ಆಡಿಟ್ ಇಲ್ಲ. ಹೂಡಿಕೆ, ನೌಕರರಿಗೆ ಷೇರು ಎಂಬ ಯೋಚನೆ ಇದ್ದರೆ ಪ್ರೈವೇಟ್ ಲಿಮಿಟೆಡ್. ಅದಕ್ಕೆ ಇಬ್ಬರು ನಿರ್ದೇಶಕರು ಬೇಕು, ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಆಡಿಟ್ ಬೇಕು. ವಾರ್ಷಿಕ ಫಾರಂ ತಡವಾದರೆ ಪ್ರತಿ ಫಾರಂಗೂ ದಿನಕ್ಕೆ 100 ರೂ. ಹೆಚ್ಚುವರಿ ಶುಲ್ಕ. ಕಂಪನಿಯ ಖಾತೆಯ ದುಡ್ಡು ನಿಮ್ಮದಲ್ಲ, ಸಂಬಳ ಅಥವಾ ಡಿವಿಡೆಂಡ್ ಆಗಿಯೇ ಹೊರಬರಬೇಕು. ಇದು ಮನಸ್ಸಿಗೆ ಹೊಂದಲು ಸ್ವಲ್ಪ ಕಾಲ ಬೇಕು.

ಪಾಲುದಾರರ ನಡುವೆ ಬರೆದ ಒಪ್ಪಂದ ಮೊದಲ ದಿನವೇ ಆಗಲಿ. ಯಾರು ಪೂರ್ತಿ ಸಮಯ ಕೊಡುತ್ತಾರೆ, ಒಬ್ಬರು ಬಿಟ್ಟು ಹೋದರೆ ಅವರ ಪಾಲು ಏನಾಗುತ್ತದೆ, ಇಬ್ಬರಿಗೂ ಒಮ್ಮತ ಬಾರದಿದ್ದರೆ ಯಾರ ಮಾತು ಕೊನೆ, ಎಲ್ಲ ಅದರಲ್ಲಿರಲಿ. ಷೇರು ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ, ಮೊದಲ ವರ್ಷ ಪೂರ್ತಿಯಾದ ಮೇಲಷ್ಟೇ ಕೈಸೇರುವುದು ರೂಢಿಯಲ್ಲಿರುವ ಪದ್ಧತಿ. ಆರು ತಿಂಗಳಲ್ಲಿ ಹೊರಟುಹೋದ ಗೆಳೆಯ ಅರ್ಧ ಕಂಪನಿಯ ಒಡೆಯನಾಗಿ ಉಳಿಯುವುದು ಯಾರಿಗೂ ಒಳ್ಳೆಯದಲ್ಲ, ಅಲ್ವಾ?

ಹೆಜ್ಜೆ 10: ಮೊದಲ ನೌಕರ

ಅವರ ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿರಬೇಕು, ರಿಟೇನರ್‌ಗಳಿಂದ ಆ ಸಂಬಳದ ಬಹುಭಾಗ ಬರುತ್ತಿರಬೇಕು. ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದ ಕಾಲೇಜುಗಳಲ್ಲಿ ಓದಿ ಊರಲ್ಲೇ ಇರಲು ಬಯಸುವ ಜಾಣ ಹುಡುಗ ಹುಡುಗಿಯರಿದ್ದಾರೆ. ಕಲಿಸುವ ತಾಳ್ಮೆ ಇದ್ದರೆ ಅವರೇ ನಿಮ್ಮ ಸಂಸ್ಥೆಯ ಬೆನ್ನೆಲುಬು. ಗ್ರಾಹಕರ ಮುಂದೆ ಅವರನ್ನೇ ಮಾತಾಡಲು ಬಿಡಿ. ಎಲ್ಲ ಕರೆಯೂ ನಿಮಗೇ ಬರುತ್ತಿದ್ದರೆ ಅದು ಇನ್ನೂ ಕಂಪನಿ ಆಗಿಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ಸಂಬಳದ ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್ ಸಂಖ್ಯೆ, 20 ಜನ ಆದಾಗ ಪಿಎಫ್, ಇವನ್ನೆಲ್ಲ ಆಡಿಟರ್‌ಗೆ ಮೊದಲೇ ಹೇಳಿಟ್ಟಿರಿ.

ಹೆಜ್ಜೆ 11: ಸೇವೆಯಿಂದ ಪ್ರಾಡಕ್ಟ್‌ಗೆ

ಶಿಕಾಗೋದ 37ಸಿಗ್ನಲ್ಸ್ ಒಂದು ವೆಬ್ ವಿನ್ಯಾಸ ಸಂಸ್ಥೆಯಾಗಿತ್ತು. ತಮ್ಮದೇ ಪ್ರಾಜೆಕ್ಟ್‌ಗಳನ್ನು ಸಂಭಾಳಿಸಲು ಮಾಡಿಕೊಂಡ ಸಾಧನವನ್ನು 2004ರಲ್ಲಿ ಬೇಸ್‌ಕ್ಯಾಂಪ್ ಎಂದು ಮಾರುಕಟ್ಟೆಗೆ ಬಿಟ್ಟರು. ಅದೇ ಮುಖ್ಯ ವ್ಯವಹಾರವಾಯಿತು. ನಮ್ಮಲ್ಲೂ ಇದು ಸಹಜ ದಾರಿ. ಮೂರು ಸೌಹಾರ್ದಗಳಿಗೆ ಒಂದೇ ರೀತಿಯ ಠೇವಣಿ ವರದಿ ಮಾಡಿಕೊಟ್ಟಿದ್ದರೆ ನಾಲ್ಕನೆಯವರಿಗೆ ಅದನ್ನು ಚಂದಾ ರೂಪದಲ್ಲಿ ಕೊಟ್ಟು ನೋಡಿ. ಮುಂಗಡ ಚಂದಾ ಕಟ್ಟುವವರು ಐದಾರು ಜನ ಸಿಕ್ಕ ಮೇಲೆ ಅದಕ್ಕೆಂದೇ ಒಬ್ಬರನ್ನು ಇಡಿ. ಅಲ್ಲಿಯವರೆಗೆ ಸೇವೆಯ ಕೆಲಸ ನಿಲ್ಲಿಸಬೇಡಿ. ಪ್ರಾಡಕ್ಟ್‌ಗೆ ಅನ್ನ ಹಾಕುವುದು ಅದೇ.

ಹೊರಗಿನ ಹೂಡಿಕೆ ಇಲ್ಲದೆಯೂ ದೊಡ್ಡದಾಗಬಹುದು ಅನ್ನುವುದಕ್ಕೆ ಸಾಫ್ಟ್‌ವೇರ್ ಕಂಪನಿ ಜೋಹೋ ಇದೆ, ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಇದೆ. ಬಂಡವಾಳ ಬೇಕೇ ಬೇಕು ಅನ್ನಿಸಿದರೆ ಮೊದಲು ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ ನೋಡಿ. ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂ.ವರೆಗೆ ಅನುದಾನ, ಷೇರು ಬಿಟ್ಟುಕೊಡಬೇಕಿಲ್ಲ. ಉತ್ತರ ಕರ್ನಾಟಕದವರು ಹೊಸ ಉದ್ಯಮಗಳಿಗೆ ನೆರವಾಗುವ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಕಡೆ ಹೋಗಿ ಮಾತಾಡಬಹುದು. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಮಾನ್ಯತೆ ಪ್ರೊಪ್ರೈಟರ್‌ಶಿಪ್‌ಗೆ ಸಿಗುವುದಿಲ್ಲ, ಅದಕ್ಕೆ ಕಂಪನಿ ಅಥವಾ ಎಲ್‌ಎಲ್‌ಪಿಯಂಥ ರೂಪ ಬೇಕು.

ಅನುದಾನಕ್ಕಾಗಲಿ ಹೂಡಿಕೆಗಾಗಲಿ ಅರ್ಜಿ ಹಾಕುವ ಮೊದಲು ಹಳೆಯ ಗ್ರಾಹಕರ ಕರಾರುಗಳನ್ನೆಲ್ಲ ತೆಗೆದು ಓದಿ. ಪ್ರಾಡಕ್ಟ್‌ನಲ್ಲಿರುವ ಪ್ರತಿ ಭಾಗದ ಹಕ್ಕು ಯಾರದು ಅಂತ ಪಟ್ಟಿ ಮಾಡಿ. ಗ್ರಾಹಕರಿಗೆ ಹೋದ ಭಾಗ ಇದ್ದರೆ ಅವರಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ, ಇಲ್ಲವೇ ಅದನ್ನು ಹೊಸದಾಗಿ ಬರೆಯಿರಿ. ನೌಕರರು, ಫ್ರೀಲಾನ್ಸರ್‌ಗಳು ಬರೆದದ್ದಿದ್ದರೆ ಅವರ ಹಕ್ಕು ವರ್ಗಾವಣೆ ಪತ್ರಗಳೂ ಫೈಲಿನಲ್ಲಿರಲಿ. ಹೂಡಿಕೆದಾರರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಇವೂ ಸೇರಿರುತ್ತವೆ.